ಫಾರ್ಮ್ಯಾಟ್ ಹೊಡಿಸೋ ಮುಂಚೆ ಇದನ್ನ ಕೇಳಿ: ಡೇಟಾ, ಸಾಫ್ಟ್‌ವೇರ್ ಎರಡೂ ಉಳಿಸಿಕೊಂಡು ವಿಂಡೋಸ್ ರಿಪೇರಿ ಮಾಡೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತಿನ ವಿಷಯ ಕಂಪ್ಯೂಟರ್ ರಿಪೇರಿ. ‘ನಾನು ಎಲ್ಲಾ ಫೋನಲ್ಲೇ ಮಾಡ್ತೀನಿ, ನನಗ್ಯಾಕೆ ಇದು’ ಅಂತ ಮುಂದಿನ ಸಂಚಿಕೆಗೆ ಹೋಗ್ಬೇಡಿ. ನಿಮ್ಮ ಹತ್ರ ಕಂಪ್ಯೂಟರ್ ಇಲ್ಲದೇ ಇರಬಹುದು. ಆದ್ರೆ ಅಪ್ಪನ ಅಂಗಡೀಲಿ ಒಂದು ಇರುತ್ತೆ, ಅಕ್ಕನ ಹತ್ರ ಒಂದು ಲ್ಯಾಪ್‌ಟಾಪ್ ಇರುತ್ತೆ. ಅದು ಕೆಟ್ಟ ದಿನ ಮನೆಯವರೆಲ್ಲ ತಿರುಗಿ ನೋಡೋದು ನಿಮ್ಮ ಕಡೆಗೇ. ‘ನಿನಗೆ ಗೊತ್ತಲ್ವಾ ಇವೆಲ್ಲ’ ಅಂತ.

ನನಗೂ ಹಾಗೇ ಆಗಿದ್ದು. ನಾನು ಓದಿದ್ದು ಬಿಕಾಂ. ಇಂಜಿನಿಯರ್ ಅಲ್ಲ. ಆದ್ರೂ ನಮ್ಮ ಮನೇಲಿ ‘ಕಂಪ್ಯೂಟರ್ ಗೊತ್ತಿರೋಳು’ ಅಂದ್ರೆ ನಾನೇ. ಎರಡು ಸಲ ನನಗೆ ಕರೆ ಬಂತು. ಮೊದಲನೇ ಸಲ ಸೋತೆ, ಎರಡನೇ ಸಲ ಗೆದ್ದೆ. ಆ ಎರಡರ ನಡುವೆ ಕಲಿತದ್ದನ್ನೇ ಇವತ್ತು ಹೇಳ್ತೀನಿ.

ಮೊದಲನೇ ಸಲ: ‘ಸಿ ಡ್ರೈವ್ ಮಾತ್ರ ಹೊಡೀತೀನಿ’

ನಮ್ಮ ಸೋದರಮಾವಂದು ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ. ಚಿಕ್ಕದು. ಲೆಕ್ಕ ಎಲ್ಲ ಒಂದು ಹಳೇ ಡೆಸ್ಕ್‌ಟಾಪ್‌ನಲ್ಲಿ, ಟ್ಯಾಲಿಯಲ್ಲಿ. 2018ರಲ್ಲಿ, ನಾನು ಫೈನಲ್ ಇಯರ್‌ನಲ್ಲಿದ್ದಾಗ, ಒಂದಿನ ಆ ಕಂಪ್ಯೂಟರ್ ಆನ್ ಆಗೋದೇ ನಿಂತುಹೋಯ್ತು. ಆನ್ ಮಾಡಿದ್ರೆ ವಿಂಡೋಸ್ ಲೋಗೋ ಬರುತ್ತೆ, ಚುಕ್ಕಿಗಳು ಸುತ್ತುತ್ತೆ, ಮತ್ತೆ ರೀಸ್ಟಾರ್ಟ್. ಮಾವ ಅದನ್ನ ಒಂದು ರಿಪೇರಿ ಅಂಗಡಿಗೆ ಕೊಟ್ರು. ಅಂಗಡಿಯವರು ನೋಡಿ, ‘ಓಎಸ್ ಹೋಗಿದೆ ಸಾರ್. ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಹೊಡೀತೀನಿ, ಡಿ ಡ್ರೈವ್ ಮುಟ್ಟಲ್ಲ. ನಿಮ್ಮ ಡೇಟಾ ಹಾಗೇ ಇರುತ್ತೆ’ ಅಂದ್ರು. ಮಾವ ನನಗೆ ಫೋನ್ ಮಾಡಿ ಕೇಳಿದ್ರು. ನಾನೂ ‘ಹೂಂ ಮಾವ, ಮಾಡಿಸಿ’ ಅಂದೆ.

ಸಂಜೆಗೆ ಕಂಪ್ಯೂಟರ್ ಹೊಸದರ ಥರ ಓಡ್ತಾ ಇತ್ತು. ಡಿ ಡ್ರೈವ್‌ನಲ್ಲಿ ಮದುವೆ ಫೋಟೋ, ಹಾಡು ಎಲ್ಲ ಇತ್ತು. ಟ್ಯಾಲಿ ಡೇಟಾ ಇರಲಿಲ್ಲ. ಯಾಕಂದ್ರೆ ಅದು ಇದ್ದಿದ್ದು ಸಿ ಡ್ರೈವ್‌ನಲ್ಲಿ. ಇನ್‌ಸ್ಟಾಲ್ ಮಾಡುವಾಗ ನಾವೇನೂ ಬದಲಾಯಿಸದಿದ್ರೆ ಟ್ಯಾಲಿ ತನ್ನ ಡೇಟಾ ಫೋಲ್ಡರನ್ನ ಅಲ್ಲೇ ಇಟ್ಕೊಳ್ಳುತ್ತೆ. ಜಿಎಸ್‌ಟಿ ಶುರುವಾಗಿದ್ದು 2017ರ ಜುಲೈ 1ಕ್ಕೆ. ಆ ಮೊದಲನೇ ವರ್ಷದ ಒಂಬತ್ತು ತಿಂಗಳ ವೋಚರ್‌ಗಳೇ ಹೋಗಿದ್ದವು. ಮಾವ, ನಾನು ಮೂರು ವಾರ ಕೂತು, ಮೊಳೆಗೆ ಚುಚ್ಚಿಟ್ಟಿದ್ದ ಬಿಲ್ಲುಗಳನ್ನ ಒಂದೊಂದೇ ತೆಗೆದು ಮತ್ತೆ ಟೈಪ್ ಮಾಡಿದ್ವಿ. ಕೆಲವು ಬಿಲ್ಲು ಸಿಗಲೇ ಇಲ್ಲ.

ಆ ಅಂಗಡಿಯವರು ಮೋಸ ಮಾಡ್ಲಿಲ್ಲ. ಅವರು ಹೇಳಿದ್ದನ್ನೇ ಮಾಡಿದ್ರು. ಡೇಟಾ ಎಲ್ಲಿದೆ ಅಂತ ಅವರು ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ. ಹೇಳೋಕೆ ನಮಗೆ ಗೊತ್ತಿದ್ರೆ ತಾನೆ?

ಓಎಸ್ ಬೇರೆ, ನಿಮ್ಮ ಡೇಟಾ ಬೇರೆ

ಕಂಪ್ಯೂಟರ್‌ನಲ್ಲಿ ಮೂರು ಪದರ ಇದೆ ಅಂದ್ಕೊಳ್ಳಿ. ಕೆಳಗೆ ಓಎಸ್, ಅಂದ್ರೆ ವಿಂಡೋಸ್. ಅದರ ಮೇಲೆ ಪ್ರೋಗ್ರಾಂಗಳು: ಟ್ಯಾಲಿ, ನುಡಿ, ಪ್ರಿಂಟರ್‌ನ ಸಾಫ್ಟ್‌ವೇರ್, ಡಿಜಿಟಲ್ ಸಹಿಯ ಟೋಕನ್‌ನ ಡ್ರೈವರ್. ಅದರ ಮೇಲೆ ನಿಮ್ಮ ಡೇಟಾ: ಫೋಟೋ, ಲೆಕ್ಕ, ಪತ್ರ. ಸಾಮಾನ್ಯವಾಗಿ ಕೆಡೋದು ಕೆಳಗಿನ ಪದರ. ಅಪ್‌ಡೇಟ್ ಅರ್ಧಕ್ಕೆ ನಿಂತಿರುತ್ತೆ, ಕರೆಂಟ್ ಹೋಗಿ ಯಾವುದೋ ಸಿಸ್ಟಂ ಫೈಲ್ ಹಾಳಾಗಿರುತ್ತೆ, ಒಂದು ಕೆಟ್ಟ ಡ್ರೈವರ್ ಸೇರಿಕೊಂಡಿರುತ್ತೆ. ಮೇಲಿನ ಎರಡು ಪದರ ಗಟ್ಟಿಯಾಗೇ ಇರುತ್ತೆ. ಫಾರ್ಮ್ಯಾಟ್ ಅಂದ್ರೆ ಮೂರನ್ನೂ ಒಟ್ಟಿಗೆ ಕಿತ್ತು ಹಾಕೋದು. ನಲ್ಲಿ ಸೋರಿದ್ರೆ ಮನೆ ಕೆಡವಿದ ಹಾಗೆ.

ಇದಕ್ಕೆ ಜಗತ್ತೇ ನೋಡಿದ ಒಂದು ಉದಾಹರಣೆ ಇದೆ. 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಪ್ರಪಂಚದಾದ್ಯಂತ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಸ್ಕ್ರೀನ್ ತೋರಿಸಿ ಬಿದ್ದವು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ಕಂಪ್ಯೂಟರ್. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟಿದ್ದು ನೆನಪಿದೆಯಾ? ಅವನ್ನ ಸರಿ ಮಾಡೋಕೆ ಯಾರೂ 85 ಲಕ್ಷ ಫಾರ್ಮ್ಯಾಟ್ ಹೊಡೀಲಿಲ್ಲ. ಕಂಪ್ಯೂಟರನ್ನ ಸೇಫ್ ಮೋಡ್‌ನಲ್ಲಿ ಆನ್ ಮಾಡಿ, ಆ ತಪ್ಪು ಫೈಲ್ ಒಂದನ್ನ ಅಳಿಸಿ, ರೀಸ್ಟಾರ್ಟ್ ಮಾಡಿದ್ರು. ಡೇಟಾ ಇದ್ದಲ್ಲೇ ಇತ್ತು. ಅಂದ್ರೆ, ಆನ್ ಆಗದೇ ಇರೋ ಕಂಪ್ಯೂಟರ್ ಅಂದ್ರೆ ಡೇಟಾ ಹೋದ ಕಂಪ್ಯೂಟರ್ ಅಂತ ಅರ್ಥ ಅಲ್ಲ.

ಹಾಗಾಗಿ ರಿಪೇರಿಯಲ್ಲಿ ಯಾವ ಬಟನ್ ಒತ್ತೋ ಮುಂಚೆಯೂ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ‘ಇದನ್ನ ಒತ್ತಿದ್ರೆ ಯಾವ ಪದರ ಹೋಗುತ್ತೆ?’ ಇವತ್ತಿನ ಇಡೀ ಸಂಚಿಕೆಯಲ್ಲಿ ಇದೊಂದು ನೆನಪಿದ್ರೂ ಸಾಕು.

ಎರಡನೇ ಸಲ: 18ನೇ ತಾರೀಕು

ಹೋದ ವರ್ಷ ಮತ್ತೆ ಮಾವನ ಫೋನ್. ಈಗ ಅವರ ಹತ್ರ ವಿಂಡೋಸ್ 11 ಇರೋ ಲ್ಯಾಪ್‌ಟಾಪ್. ‘ಪುಟ್ಟೀ, ಸ್ಟಾರ್ಟ್ ಒತ್ತಿದ್ರೆ ಏನೂ ಬರಲ್ಲ ಕಣೇ. ಅಪ್‌ಡೇಟ್ ಅಂತ ದಿನಾ ಸುತ್ತುತ್ತೆ, ಕೊನೇಲಿ ಆಗ್ಲಿಲ್ಲ ಅನ್ನುತ್ತೆ. ಪ್ರಿಂಟ್ ಕೊಟ್ರೆ ನಿಂತೋಗುತ್ತೆ. ಫಾರ್ಮ್ಯಾಟ್ ಹೊಡಿಸ್ಬಿಡ್ಲಾ?’

ಅವತ್ತು ತಿಂಗಳ 18ನೇ ತಾರೀಕು. ಕಾಮರ್ಸ್ ಓದಿದವರಿಗೆ ಗೊತ್ತು, ತಿಂಗಳಿಗೊಂದು ರಿಟರ್ನ್ ಸಲ್ಲಿಸೋರಿಗೆ ಜಿಎಸ್‌ಟಿಆರ್-3ಬಿ ಕೊನೆ ದಿನ 20. ತಡ ಆದ್ರೆ ದಿನದ ಲೆಕ್ಕದಲ್ಲಿ ಲೇಟ್ ಫೀ, ಕಟ್ಟಬೇಕಾದ ತೆರಿಗೆ ಮೇಲೆ ಬಡ್ಡಿ. ಪೋರ್ಟಲನ್ನ ಫೋನಲ್ಲೂ ತೆರೀಬಹುದು ನಿಜ, ಆದ್ರೆ ಅದಕ್ಕೆ ಹಾಕೋ ಅಂಕಿ ಇರೋದು ಆ ಲ್ಯಾಪ್‌ಟಾಪ್‌ನಲ್ಲಿ.

‘ಬೇಡ ಮಾವ. ಯಾರ ಕೈಗೂ ಕೊಡ್ಬೇಡಿ, ನಾನೇ ಬರ್ತೀನಿ’ ಅಂದೆ. ಬೆಂಗಳೂರಿಂದ ರೈಲು ಹತ್ತಿದೆ. ಹೋಗಿ ಏನು ಮಾಡಿದೆ ಅನ್ನೋದನ್ನ ಅದೇ ಕ್ರಮದಲ್ಲಿ ಹೇಳ್ತೀನಿ. ನೀವು ಮಾಡುವಾಗಲೂ ಕ್ರಮ ತಪ್ಪಿಸ್ಬೇಡಿ.

ಹೆಜ್ಜೆ 1: ಮೊದಲು ನಕಲು, ಆಮೇಲೆ ರಿಪೇರಿ

ನಾನು ಈಗ ಹೇಳೋ ವಿಧಾನಗಳು ಡೇಟಾ ಉಳಿಸೋಕೇ ಇರೋವು. ಹಾಗಂತ ಬ್ಯಾಕಪ್ ಬೇಡ ಅಂತಲ್ಲ. ಮಧ್ಯೆ ಡಿಸ್ಕೇ ಕೈಕೊಟ್ರೆ ಯಾವ ವಿಧಾನವೂ ಕಾಪಾಡಲ್ಲ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಅಥವಾ ದೊಡ್ಡ ಪೆನ್‌ಡ್ರೈವ್ ತಗೊಳ್ಳಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನ ಕಾಪಿ ಮಾಡಿ. ಟ್ಯಾಲಿ ಇದ್ರೆ ಅದರೊಳಗೇ ಡೇಟಾ ಪಾತ್ ಎಲ್ಲಿದೆ ಅಂತ ತೋರಿಸುತ್ತೆ, ಅದನ್ನ ನೋಡಿ ಆ ಫೋಲ್ಡರ್ ಪೂರ್ತಿ ಕಾಪಿ ಮಾಡಿ. ಔಟ್‌ಲುಕ್‌ನಲ್ಲಿ ಮೇಲ್ ಇಟ್ಕೊಂಡಿದ್ರೆ ಅದರ ಫೈಲನ್ನೂ ಮರೀಬೇಡಿ. ಕಾಪಿ ಆದ ಮೇಲೆ ಬೇರೆ ಕಂಪ್ಯೂಟರ್‌ಗೆ ಹಾಕಿ ಎರಡು ಮೂರು ಫೈಲ್ ತೆರೆದು ನೋಡಿ. ತೆರೆಯದೇ ಇರೋ ಬ್ಯಾಕಪ್ ಬ್ಯಾಕಪ್ ಅಲ್ಲ.

ಕಂಪ್ಯೂಟರ್ ಆನ್ ಆಗ್ತಿಲ್ಲ ಅಂದ್ರೆ? ವಿಂಡೋಸ್ ಕೆಲವು ಸಲ ಸತತವಾಗಿ ಶುರುವಾಗದೇ ಹೋದ್ರೆ ತಾನಾಗೇ ರಿಕವರಿ ಸ್ಕ್ರೀನ್‌ಗೆ ಬರುತ್ತೆ. ಬರದಿದ್ರೆ, ಲೋಗೋ ಕಾಣಿಸಿದ ತಕ್ಷಣ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದ್ರೆ ಬರುತ್ತೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್. ಆ ಕಪ್ಪು ಕಿಟಕಿಯಲ್ಲಿ ‘ನೋಟ್‌ಪ್ಯಾಡ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ತೆರೆಯುತ್ತೆ. ಅದರ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆಯ್ಕೆ ಮಾಡಿದ್ರೆ ನಿಮ್ಮ ಎಲ್ಲ ಡ್ರೈವ್‌ಗಳೂ ಕಾಣುತ್ತೆ. ಅಲ್ಲಿಂದಲೇ ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಪೇಸ್ಟ್. ಇಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿರಬಹುದು. ಸಿ ಇದ್ದಿದ್ದು ಡಿ ಅಂತ ತೋರಿಸಬಹುದು, ಗಾಬರಿ ಆಗ್ಬೇಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಇಲ್ಲೇ ಇನ್ನೊಂದು ವಿಷಯ. ಹಾರ್ಡ್‌ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರ್ತಿದ್ರೆ, ಚಿಕ್ಕ ಫೈಲ್ ಕಾಪಿ ಆಗೋಕೂ ನಿಂತು ನಿಂತು ಹೋಗ್ತಿದ್ರೆ, ಅದು ಓಎಸ್ ಕಾಯಿಲೆ ಅಲ್ಲ, ಡಿಸ್ಕ್ ಕಾಯಿಲೆ. ಆಗ ಯಾವ ರಿಪೇರಿಯನ್ನೂ ಓಡಿಸ್ಬೇಡಿ. ಮುಖ್ಯವಾದ ಫೈಲ್‌ಗಳನ್ನ ಮೊದಲು ಎತ್ತಿಕೊಂಡು ಆಫ್ ಮಾಡಿ, ಡಿಸ್ಕ್ ಬದಲಾಯಿಸೋ ದಾರಿ ನೋಡಿ.

ಹೆಜ್ಜೆ 2: 48 ಅಂಕಿಯ ಬೀಗದ ಕೈ

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಲಾಗಿನ್ ಆಗಿದ್ರೆ, ಡಿಸ್ಕ್‌ಗೆ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗಿರೋದು ಸಾಮಾನ್ಯ. ಬಿಟ್‌ಲಾಕರ್ ಅಂತಾರೆ. ಕಳ್ಳ ಲ್ಯಾಪ್‌ಟಾಪ್ ಕದ್ರೂ ಡೇಟಾ ಸಿಗಬಾರದು ಅಂತ ಇರೋ ಬೀಗ ಅದು. ಆದ್ರೆ ರಿಪೇರಿ ಸಮಯದಲ್ಲಿ ಅದು ನಿಮ್ಮನ್ನೇ ಕಳ್ಳ ಅಂದ್ಕೊಂಡು 48 ಅಂಕಿಯ ರಿಕವರಿ ಕೀ ಕೇಳಬಹುದು. ಕ್ರೌಡ್‌ಸ್ಟ್ರೈಕ್ ದಿನ ಎಷ್ಟೋ ಆಫೀಸುಗಳಲ್ಲಿ ಕೆಲಸ ತಡ ಆಗಿದ್ದಕ್ಕೆ ಇದೂ ಒಂದು ಕಾರಣ.

ಈ ಕೀ ಸಾಮಾನ್ಯವಾಗಿ ಆ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲೇ ಸೇವ್ ಆಗಿರುತ್ತೆ. ನಿಮ್ಮ ಫೋನ್ ಕೆಲಸಕ್ಕೆ ಬರೋದು ಇಲ್ಲಿ. ಫೋನಿನ ಬ್ರೌಸರ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ, ಡಿವೈಸಸ್ ವಿಭಾಗದಲ್ಲಿ ಬಿಟ್‌ಲಾಕರ್ ಕೀ ನೋಡಿ, ಒಂದು ಕಾಗದದ ಮೇಲೆ ಬರೆದಿಟ್ಕೊಳ್ಳಿ. ಅಕೌಂಟ್ ಯಾರ ಹೆಸರಲ್ಲಿದೆ ಅನ್ನೋದೇ ಎಷ್ಟೋ ಮನೆಗಳಲ್ಲಿ ಗೊತ್ತಿರಲ್ಲ. ಮಾವನ ಲ್ಯಾಪ್‌ಟಾಪ್‌ನಲ್ಲಿ ಇದ್ದಿದ್ದು ಅವರ ಮಗನ ಅಕೌಂಟ್. ಅವನು ಹುಬ್ಬಳ್ಳಿ ಹಾಸ್ಟೆಲ್‌ನಲ್ಲಿ. ವಿಡಿಯೋ ಕಾಲ್‌ನಲ್ಲಿ ಅವನು ಓದ್ತಾ ಹೋದ, ಅತ್ತೆ ಕ್ಯಾಲೆಂಡರ್ ಹಿಂದೆ ಬರ್ಕೊಂಡ್ರು. ಈ ಕೀ ಕೈಯಲ್ಲಿ ಇಲ್ಲದೆ ಮುಂದಿನ ಹೆಜ್ಜೆ ಇಡ್ಬೇಡಿ.

ಹೆಜ್ಜೆ 3: ಚಿಕ್ಕ ಔಷಧಿ ಮೊದಲು

ಈಗ ರಿಪೇರಿ. ಕೀಬೋರ್ಡ್‌ನಲ್ಲಿ ವಿಂಡೋಸ್ ಬಟನ್ ಜೊತೆ ಎಕ್ಸ್ ಒತ್ತಿ, ಟರ್ಮಿನಲ್ ಅಥವಾ ಕಮಾಂಡ್ ಪ್ರಾಂಪ್ಟ್ ಅಂತ ಇರೋದರಲ್ಲಿ ‘ಅಡ್ಮಿನ್’ ಅಂತ ಬರೆದಿರೋದನ್ನ ಆಯ್ಕೆ ಮಾಡಿ. ಎರಡು ಕಮಾಂಡ್. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ.

ಮೊದಲನೇದು: ಡಿ-ಐ-ಎಸ್-ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್ ರೀಸ್ಟೋರ್‌ಹೆಲ್ತ್. ಕೊನೇ ಪದ ಬಿಡಿಸದೆ ಒಟ್ಟಿಗೇ ಬರೀಬೇಕು. ಇದಕ್ಕೆ ಇಂಟರ್ನೆಟ್ ಬೇಕು. ವಿಂಡೋಸ್ ತನ್ನ ಸಿಸ್ಟಂ ಫೈಲ್‌ಗಳ ಒಳ್ಳೇ ಪ್ರತಿಗಳನ್ನ ಒಂದು ಉಗ್ರಾಣದಲ್ಲಿ ಇಟ್ಟಿರುತ್ತೆ. ಆ ಉಗ್ರಾಣವೇ ಹಾಳಾಗಿದ್ರೆ ಈ ಕಮಾಂಡ್ ಅದನ್ನ ಮೈಕ್ರೋಸಾಫ್ಟ್‌ನಿಂದ ತರಿಸಿ ತುಂಬುತ್ತೆ. ಮಧ್ಯೆ ಎಲ್ಲೋ ನಿಂತ ಹಾಗೆ ಕಾಣುತ್ತೆ. ಕಾಯಿರಿ, ಮುಚ್ಚಬೇಡಿ.

ಎರಡನೇದು: ಎಸ್-ಎಫ್-ಸಿ, ಸ್ಪೇಸ್, ಸ್ಲ್ಯಾಶ್ ಸ್ಕ್ಯಾನ್‌ನೌ. ಇದು ಕೆಟ್ಟಿರೋ ಸಿಸ್ಟಂ ಫೈಲ್‌ಗಳನ್ನ ಹುಡುಕಿ, ಅದೇ ಉಗ್ರಾಣದಿಂದ ಒಳ್ಳೇದನ್ನ ತಂದು ಹಾಕುತ್ತೆ. ಈಗ ಕ್ರಮ ಯಾಕೆ ಹೀಗೆ ಅಂತ ಅರ್ಥ ಆಯ್ತಲ್ವಾ? ಉಗ್ರಾಣದಲ್ಲೇ ಹುಳ ಬಿದ್ದಿದ್ರೆ ಅಲ್ಲಿಂದ ಅಕ್ಕಿ ತಂದು ಏನು ಪ್ರಯೋಜನ?

ಕೊನೇಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಉತ್ತರ ಬರುತ್ತೆ. ಏನೂ ತೊಂದರೆ ಇಲ್ಲ. ತೊಂದರೆ ಇತ್ತು, ಸರಿ ಮಾಡಿದ್ದೀನಿ. ತೊಂದರೆ ಇದೆ, ಕೆಲವನ್ನ ಸರಿ ಮಾಡೋಕೆ ಆಗ್ಲಿಲ್ಲ. ಎರಡನೇದು ಬಂದ್ರೆ ರೀಸ್ಟಾರ್ಟ್ ಮಾಡಿ ನೋಡಿ, ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತೆ. ಈ ಎರಡೂ ಕಮಾಂಡ್‌ಗಳು ನಿಮ್ಮ ಪ್ರೋಗ್ರಾಂ, ಡೇಟಾ ಪದರಗಳನ್ನ ಮುಟ್ಟಲ್ಲ.

ತೊಂದರೆ ಶುರುವಾಗಿದ್ದು ಒಂದು ನಿರ್ದಿಷ್ಟ ದಿನದಿಂದ ಅಂತಿದ್ರೆ ಸಿಸ್ಟಂ ರೀಸ್ಟೋರ್ ಕೂಡ ಇದೆ. ಅದು ವಿಂಡೋಸನ್ನ ಹಿಂದಿನ ಒಂದು ದಿನಕ್ಕೆ ಕರ್ಕೊಂಡು ಹೋಗುತ್ತೆ. ಯಾವ ಪದರ ಹೋಗುತ್ತೆ? ಆ ದಿನದ ನಂತರ ಹಾಕಿದ ಪ್ರೋಗ್ರಾಂ, ಡ್ರೈವರ್ ಹೋಗುತ್ತೆ. ಫೋಟೋ, ಪತ್ರಗಳು ಹೋಗಲ್ಲ.

ಮಾವನ ಲ್ಯಾಪ್‌ಟಾಪ್‌ಗೆ ಬಂದಿದ್ದು ಮೂರನೇ ಉತ್ತರ. ಆಗ ರಾತ್ರಿ ಎಂಟೂವರೆ.

ಹೆಜ್ಜೆ 4: ಎಲ್ಲರೂ ಜಾರಿ ಬೀಳೋ ಜಾಗ

ಇಲ್ಲಿ ನಿಧಾನವಾಗಿ ಕೇಳಿ. ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿಗೆ ಹೋದ್ರೆ ‘ರೀಸೆಟ್ ದಿಸ್ ಪಿಸಿ’ ಅಂತ ಇದೆ. ಒತ್ತಿದ್ರೆ ಎರಡು ಆಯ್ಕೆ: ‘ಕೀಪ್ ಮೈ ಫೈಲ್ಸ್’, ‘ರಿಮೂವ್ ಎವೆರಿಥಿಂಗ್’. ಎರಡನೇದು ಫೋನಿನ ಫ್ಯಾಕ್ಟರಿ ರೀಸೆಟ್ ಇದ್ದ ಹಾಗೆ, ಎಲ್ಲಾ ಹೋಗುತ್ತೆ. ಮೊದಲನೇದು ಓದಿದ್ರೆ ‘ನನ್ನ ಫೈಲ್ ಇರುತ್ತೆ, ಸರಿ’ ಅನ್ಸುತ್ತೆ. ಇರುತ್ತೆ ನಿಜ, ಆದ್ರೆ ನೀವು ಹಾಕಿಕೊಂಡ ಪ್ರೋಗ್ರಾಂಗಳೆಲ್ಲ ಹೋಗುತ್ತೆ. ಟ್ಯಾಲಿ ಮತ್ತೆ ಹಾಕಿ ಲೈಸೆನ್ಸ್ ಆಕ್ಟಿವೇಟ್ ಮಾಡ್ಬೇಕು. ನುಡಿ ಹೋಗಿರುತ್ತೆ, ಅದರ ಹಳೇ ಫಾಂಟ್‌ನಲ್ಲಿ ಬರೆದ ಪತ್ರ ತೆರೆದ್ರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಇನ್ನೊಂದು ಅಪಾಯ: ಕೆಲವು ಸಾಫ್ಟ್‌ವೇರ್‌ಗಳು ತಮ್ಮ ಡೇಟಾವನ್ನ ತಮ್ಮ ಪ್ರೋಗ್ರಾಂ ಫೋಲ್ಡರ್ ಒಳಗೇ ಇಟ್ಟಿರುತ್ತೆ. ಪ್ರೋಗ್ರಾಂ ಜೊತೆ ಅದೂ ಹೋಗುತ್ತೆ. ‘ಫೈಲ್ಸ್’ ಅನ್ನೋ ಪದದೊಳಗೆ ಏನೇನು ಬರುತ್ತೆ ಅಂತ ತೀರ್ಮಾನ ಮಾಡೋದು ವಿಂಡೋಸ್, ನೀವಲ್ಲ.

ಮೂರು ಪದರನ್ನೂ ಲೆಕ್ಕಕ್ಕೆ ತಗೊಂಡು, ಕೆಳಗಿನದನ್ನ ಮಾತ್ರ ಬದಲಾಯಿಸೋ ದಾರಿ ಬೇರೆ ಇದೆ. ಅದನ್ನ ರಿಪೇರಿ ಇನ್‌ಸ್ಟಾಲ್ ಅಂತಾರೆ. ಅಂದ್ರೆ ವಿಂಡೋಸ್ ಮೇಲೇ ಅದೇ ವಿಂಡೋಸನ್ನ ‘ಅಪ್‌ಗ್ರೇಡ್’ ಥರ ಮತ್ತೆ ಹಾಕೋದು. ಎರಡು ರೀತಿ ಮಾಡಬಹುದು.

ಸುಲಭವಾದದ್ದು: ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಅದೇ ರಿಕವರಿ ಪುಟದಲ್ಲಿ ‘ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್’ ಅಂತ ಇದೆ, ಪಕ್ಕದಲ್ಲಿ ‘ರೀಇನ್‌ಸ್ಟಾಲ್ ನೌ’. ಪ್ರೋಗ್ರಾಂ, ಫೈಲ್, ಸೆಟ್ಟಿಂಗ್ಸ್ ಉಳಿಸಿಕೊಂಡೇ ವಿಂಡೋಸನ್ನ ಇಂಟರ್ನೆಟ್‌ನಿಂದ ತಂದು ಮತ್ತೆ ಹಾಕುತ್ತೆ. ‘ರೀಸೆಟ್’ ಪಕ್ಕದಲ್ಲೇ ಇರೋದ್ರಿಂದ ಬಟನ್ ನೋಡಿ ಒತ್ತಿ.

ಮಾವನ ಲ್ಯಾಪ್‌ಟಾಪ್‌ನಲ್ಲಿ ಕೆಟ್ಟಿದ್ದೇ ಅಪ್‌ಡೇಟ್ ವ್ಯವಸ್ಥೆ. ಹಾಗಾಗಿ ಇದು ಶುರುವಾಗಿ ಬಿದ್ದುಹೋಯ್ತು. ಉಳಿದದ್ದು ಎರಡನೇ ರೀತಿ.

ಹೆಜ್ಜೆ 5: ಐಎಸ್‌ಓ ಫೈಲ್‌ನಿಂದ ರಿಪೇರಿ

ಮೈಕ್ರೋಸಾಫ್ಟ್ ವೆಬ್‌ಸೈಟ್‌ನಲ್ಲೇ ವಿಂಡೋಸ್‌ನ ಐಎಸ್‌ಓ ಫೈಲ್ ಉಚಿತವಾಗಿ ಸಿಗುತ್ತೆ. ಅಲ್ಲಿಂದ ಮಾತ್ರ ತಗೊಳ್ಳಿ. ಟೆಲಿಗ್ರಾಂ ಗುಂಪಲ್ಲಿ ಸಿಗೋ ‘ಲೈಟ್ ವರ್ಷನ್’ ಎಲ್ಲ ಬೇಡ. ಹಲವು ಜಿಬಿ ಇರುತ್ತೆ, ಫೋನ್ ಹಾಟ್‌ಸ್ಪಾಟ್‌ನಲ್ಲಿ ಮಾಡೋದಾದ್ರೆ ದಿನದ ಡೇಟಾ ಲೆಕ್ಕ ಹಾಕ್ಕೊಳ್ಳಿ.

ನಾಲ್ಕು ಷರತ್ತು. ಒಂದು, ಕಂಪ್ಯೂಟರ್‌ನಲ್ಲಿರೋ ವಿಂಡೋಸ್‌ನ ಆವೃತ್ತಿಯೇ ಆಗಿರಬೇಕು, ಇಲ್ಲಾ ಅದಕ್ಕಿಂತ ಹೊಸದು. ಎರಡು, ಹೋಮ್ ಇದ್ರೆ ಹೋಮ್, ಪ್ರೊ ಇದ್ರೆ ಪ್ರೊ. ಮೂರು, ಭಾಷೆ ಅದೇ ಇರಬೇಕು. ನಾಲ್ಕು, ಸಿ ಡ್ರೈವ್‌ನಲ್ಲಿ ಜಾಗ ಇರಬೇಕು. ನಾನು 30 ಜಿಬಿ ಖಾಲಿ ಇಟ್ಕೊಳ್ತೀನಿ.

ಚಾರ್ಜರ್ ಹಾಕಿ. ಡೆಸ್ಕ್‌ಟಾಪ್ ಆದ್ರೆ ಯುಪಿಎಸ್ ಇರಲಿ, ಇಲ್ಲಾ ಕರೆಂಟ್ ಹೋಗದ ಹೊತ್ತು ನೋಡ್ಕೊಳ್ಳಿ. ಬೇರೆ ಆಂಟಿವೈರಸ್ ಇದ್ರೆ ಸ್ವಲ್ಪ ಹೊತ್ತು ಆಫ್ ಮಾಡಿ. ಬ್ಯಾಕಪ್ ತಗೊಂಡ ಡಿಸ್ಕನ್ನ ಕಿತ್ತು ಪಕ್ಕಕ್ಕಿಡಿ. ಈಗ ಐಎಸ್‌ಓ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಸಿಡಿ ಹಾಕಿದ ಹಾಗೆ ತೆರೆಯುತ್ತೆ. ಅದರೊಳಗೆ ‘ಸೆಟಪ್’ ಒತ್ತಿ.

ಗಮನಿಸಿ, ವಿಂಡೋಸ್ ಆನ್ ಇದ್ದಾಗಲೇ, ಅದರ ಒಳಗಿನಿಂದಲೇ ಸೆಟಪ್ ಓಡಿಸಬೇಕು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಇನ್‌ಸ್ಟಾಲ್ ಮಾಡಿದ್ರೆ ಪ್ರೋಗ್ರಾಂ ಉಳಿಸೋ ಆಯ್ಕೆಯೇ ಸಿಗಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಸಿಡಿಯಿಂದ ಬೂಟ್ ಮಾಡಿಯೂ ರಿಪೇರಿ ಮಾಡಬಹುದಿತ್ತು, ಈಗ ಹಾಗಿಲ್ಲ. ಸೇಫ್ ಮೋಡ್‌ನಲ್ಲೂ ಇದು ನಡೆಯಲ್ಲ. ಕಂಪ್ಯೂಟರ್ ಡೆಸ್ಕ್‌ಟಾಪ್ ತನಕ ಬರ್ತಿಲ್ಲ ಅಂದ್ರೆ ಮೊದಲು ರಿಕವರಿ ಸ್ಕ್ರೀನ್‌ನಲ್ಲಿರೋ ‘ಸ್ಟಾರ್ಟಪ್ ರಿಪೇರ್’, ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಮಾಡಿ, ಎದ್ದು ನಿಂತ ಮೇಲೆ ಇಲ್ಲಿಗೆ ಬನ್ನಿ.

ಸೆಟಪ್ ಕೆಲವು ಪ್ರಶ್ನೆ ಕೇಳಿ ಕೊನೆಗೆ ‘ರೆಡಿ ಟು ಇನ್‌ಸ್ಟಾಲ್’ ಅನ್ನೋ ಪುಟಕ್ಕೆ ಬರುತ್ತೆ. ಅಲ್ಲಿ ‘ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆ್ಯಪ್ಸ್’ ಅಂತ ಇರಬೇಕು. ‘ಆ್ಯಪ್ಸ್’ ಅನ್ನೋ ಪದ ಕಾಣದಿದ್ರೆ, ಅಥವಾ ಆ ಆಯ್ಕೆ ಬೂದು ಬಣ್ಣದಲ್ಲಿ ಮಂಕಾಗಿದ್ರೆ, ಅಲ್ಲೇ ನಿಲ್ಲಿಸಿ. ಕ್ಯಾನ್ಸಲ್ ಒತ್ತಿ. ಇಲ್ಲಿ ತನಕ ಏನೂ ಬದಲಾಗಿರಲ್ಲ.

ನನಗೆ ಬಂದಿದ್ದು ಮಂಕಾದ ಆಯ್ಕೆ. ಮಾವ ಪಕ್ಕದಲ್ಲೇ ಕೂತಿದ್ರು. ‘ಏನಾಯ್ತೇ?’ ಅಂದ್ರು. ನನ್ನ ಕೈ ತಣ್ಣಗಾಗಿತ್ತು. ‘ನೆಕ್ಸ್ಟ್’ ಒತ್ತಿದ್ರೆ 2018 ಮತ್ತೆ ಬರ್ತಿತ್ತು. ಕ್ಯಾನ್ಸಲ್ ಮಾಡಿ ನಾಲ್ಕು ಷರತ್ತುಗಳನ್ನ ಒಂದೊಂದಾಗಿ ನೋಡಿದೆ. ಆವೃತ್ತಿ ಸರಿ, ಹೋಮ್ ಸರಿ, ಜಾಗ ಇದೆ. ಭಾಷೆ? ಎರಡೂ ಇಂಗ್ಲಿಷೇ ಅಲ್ವಾ ಅಂದ್ಕೊಂಡಿದ್ದೆ. ಆದ್ರೆ ಮೈಕ್ರೋಸಾಫ್ಟ್ ಎರಡು ಇಂಗ್ಲಿಷ್ ಕೊಡುತ್ತೆ: ಅಮೆರಿಕದ್ದು ಒಂದು, ‘ಇಂಟರ್‌ನ್ಯಾಷನಲ್’ ಅಂತ ಇನ್ನೊಂದು. ಟರ್ಮಿನಲ್‌ನಲ್ಲಿ ಡಿ-ಐ-ಎಸ್-ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಗೆಟ್ ಹೈಫನ್ ಐ-ಎನ್-ಟಿ-ಎಲ್ ಅಂತ ಕೊಟ್ಟೆ. ಸಿಸ್ಟಂ ಭಾಷೆಯ ಸಾಲಿನಲ್ಲಿ ‘ಇಎನ್-ಜಿಬಿ’ ಅಂತ ಬಂತು. ಅಂದ್ರೆ ಇಂಟರ್‌ನ್ಯಾಷನಲ್. ನಾನು ಇಳಿಸಿದ್ದು ಅಮೆರಿಕದ್ದು, ‘ಇಎನ್-ಯುಎಸ್’.

ಮತ್ತೆ ಡೌನ್‌ಲೋಡ್. ನನ್ನ ಫೋನ್ ಡೇಟಾ ಖಾಲಿ, ಅತ್ತೆ ಫೋನ್ ಡೇಟಾ ಖಾಲಿ, ಕೊನೆಗೆ ಪಕ್ಕದ ಮನೆಯವರ ವೈಫೈ. ರಾತ್ರಿ ಹನ್ನೊಂದೂಕಾಲಿಗೆ ಮತ್ತೆ ಸೆಟಪ್. ಈ ಸಲ ‘ಫೈಲ್ಸ್ ಅಂಡ್ ಆ್ಯಪ್ಸ್’ ಸ್ಪಷ್ಟವಾಗಿ ಕಾಣ್ತು. ಇನ್‌ಸ್ಟಾಲ್ ಒತ್ತಿದೆ.

ಮೂರು ನಾಲ್ಕು ಸಲ ರೀಸ್ಟಾರ್ಟ್ ಆಗುತ್ತೆ. ಕಪ್ಪು ಸ್ಕ್ರೀನ್ ಮೇಲೆ ಪರ್ಸೆಂಟ್ ನಿಧಾನಕ್ಕೆ ಏರುತ್ತೆ. ಮಧ್ಯೆ ಆಫ್ ಮಾಡಬೇಡಿ. ನಮಗೆ ಸುಮಾರು ಒಂದೂವರೆ ಗಂಟೆ ಆಯ್ತು. ಮಾವ ಮಲಗಲೇ ಇಲ್ಲ. ಬೀಗದ ಕೀ ಬರೆದ ಕ್ಯಾಲೆಂಡರನ್ನ ಮಡಿಲಲ್ಲಿ ಇಟ್ಕೊಂಡೇ ಕೂತಿದ್ರು. ಕೊನೆಗೆ ಅದನ್ನ ಯಾರೂ ಕೇಳಲಿಲ್ಲ.

ಒಂದು ಗಂಟೆ ಹತ್ರ ಲಾಗಿನ್ ಸ್ಕ್ರೀನ್ ಬಂತು. ಅದೇ ಹಳೇ ವಾಲ್‌ಪೇಪರ್. ಸ್ಟಾರ್ಟ್ ಒತ್ತಿದೆ, ತೆರೀತು. ಟ್ಯಾಲಿ ಒತ್ತಿದೆ, ಲೈಸೆನ್ಸ್ ಕೇಳದೆ ತೆರೀತು, ಕಂಪನಿ ಹೆಸರು ಬಂತು. ಹಿಂದಿನ ದಿನ ಮಾವ ಹಾಕಿದ್ದ ಕೊನೇ ವೋಚರ್ ಕೂಡ ಇತ್ತು. ಮಾವ ಏನೂ ಹೇಳ್ಲಿಲ್ಲ. ಒಳಗೆ ಹೋಗಿ, ‘ಏ ಇವಳೇ, ಪುಟ್ಟಿಗೆ ಊಟ ಬಿಸಿ ಮಾಡೇ’ ಅಂತ ಅತ್ತೇನ ಎಬ್ಬಿಸಿದ್ರು. 19ಕ್ಕೆ ರಿಟರ್ನ್ ಸಲ್ಲಿಕೆ ಆಯ್ತು.

ಆದ ಮೇಲೆ ಏನು?

ವಿಂಡೋಸ್ ಅಪ್‌ಡೇಟ್ ಒಂದ್ಸಲ ಪೂರ್ತಿ ಓಡಿಸಿ. ಪ್ರಿಂಟರ್, ಡಿಜಿಟಲ್ ಸಹಿ ಟೋಕನ್ ಕೆಲಸ ಮಾಡುತ್ತಾ ನೋಡಿ. ಕೆಲವು ಸೆಟ್ಟಿಂಗ್ಸ್ ಬದಲಾಗಿರಬಹುದು. ಸಿ ಡ್ರೈವ್‌ನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಅಂತ ದೊಡ್ಡ ಫೋಲ್ಡರ್ ಕಾಣುತ್ತೆ. ಅದು ಹಳೇ ವಿಂಡೋಸ್. ಸಾಮಾನ್ಯವಾಗಿ 10 ದಿನ ಇದ್ದು ತಾನೇ ಅಳಿಸಿಹೋಗುತ್ತೆ. ಅಷ್ಟರಲ್ಲಿ ಏನಾದ್ರೂ ಎಡವಟ್ಟಾದ್ರೆ ರಿಕವರಿ ಪುಟದ ‘ಗೋ ಬ್ಯಾಕ್’ನಿಂದ ಹಿಂದಕ್ಕೆ ಹೋಗಬಹುದು. ಅವಸರ ಮಾಡಿ ಅಳಿಸಬೇಡಿ.

ಇನ್ನೂ ವಿಂಡೋಸ್ 10 ಇದ್ರೆ? ಅದಕ್ಕೂ ಇದೇ ಐಎಸ್‌ಓ ವಿಧಾನ ನಡೆಯುತ್ತೆ, ಐಎಸ್‌ಓ ಮಾತ್ರ ವಿಂಡೋಸ್ 10ದು. ಆದ್ರೆ 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ. ರಿಪೇರಿ ಆಯ್ತು ಅಂತ ಸುರಕ್ಷಿತ ಆಯ್ತು ಅಂದ್ಕೋಬೇಡಿ.

ಫಾರ್ಮ್ಯಾಟ್ ಯಾವಾಗ್ಲೂ ತಪ್ಪು ಅಂತ ನಾನು ಹೇಳಲ್ಲ. ಕೆಟ್ಟ ವೈರಸ್ ಹೊಕ್ಕಿದ್ರೆ, ಕಂಪ್ಯೂಟರನ್ನ ಬೇರೆಯವರಿಗೆ ಮಾರೋದಾದ್ರೆ, ಈ ಹೆಜ್ಜೆಗಳೆಲ್ಲ ಸೋತ್ರೆ, ಆಗ ಅದೇ ಸರಿ. ಬ್ಯಾಕಪ್ ಕೈಯಲ್ಲಿಟ್ಕೊಂಡು ಮಾಡಿಸಿ. ಅಂಗಡಿಗೆ ಕೊಡೋದಾದ್ರೂ ತಲೆ ತಗ್ಗಿಸ್ಬೇಕಿಲ್ಲ. ಕೊಡುವಾಗ ಮೂರು ಮಾತು ಹೇಳಿ: ‘ನನ್ನ ಡೇಟಾ ಈ ಫೋಲ್ಡರ್‌ನಲ್ಲಿದೆ. ಈ ಈ ಸಾಫ್ಟ್‌ವೇರ್ ಉಳೀಬೇಕು. ಫಾರ್ಮ್ಯಾಟ್ ಮಾಡೋ ಮುಂಚೆ ನನಗೆ ಫೋನ್ ಮಾಡಿ.’ 2018ರಲ್ಲಿ ಇಷ್ಟು ಹೇಳಿದ್ದಿದ್ರೆ ಮೂರು ವಾರ ಉಳೀತಿತ್ತು.

ಈಗ ಮಾವನ ಗಲ್ಲಾಪೆಟ್ಟಿಗೆ ಪಕ್ಕ ಒಂದು ಪೆನ್‌ಡ್ರೈವ್ ನೇತುಹಾಕಿದೆ. ಪ್ರತಿ ಶನಿವಾರ ಅಂಗಡಿ ಬಾಗಿಲು ಹಾಕೋ ಮುಂಚೆ ಟ್ಯಾಲಿ ಫೋಲ್ಡರನ್ನ ಅದಕ್ಕೆ ಕಾಪಿ ಮಾಡ್ತಾರೆ. ಮಾಡಿ ನನಗೊಂದು ಥಂಬ್ಸ್ ಅಪ್ ಕಳಿಸ್ತಾರೆ. ಈ ವಾರ ಊರಿಗೆ ಹೋದ್ರೆ, ನಿಮ್ಮ ಮನೆ ಕಂಪ್ಯೂಟರ್‌ನಲ್ಲಿ ಡೇಟಾ ಯಾವ ಡ್ರೈವ್‌ನಲ್ಲಿದೆ, ಮೈಕ್ರೋಸಾಫ್ಟ್ ಅಕೌಂಟ್ ಯಾರದ್ದು ಅಂತ ಎರಡೇ ಎರಡು ವಿಷಯ ನೋಡಿಟ್ಕೊಳ್ಳಿ. ಕೆಟ್ಟ ದಿನ ಹುಡುಕೋಕೆ ಟೈಮ್ ಇರಲ್ಲ.